ಅರ್ಧ ದುಡ್ಡು ಅಡ್ವಾನ್ಸ್ ಕೊಟ್ಟು ಮನೆ ಒಡೆಸಬೇಡಿ

ಮನೆ ರಿಪೇರಿಗೆ ಕಂಟ್ರಾಕ್ಟರ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಡ್ವಾನ್ಸ್ ಕೊಡುವ ಮುಂಚೆಯೇ ಓದಿ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮಾವನವರು ಕಟ್ಟಿಸಿದ ಹಳೆ ಮನೆ. ಮಹಡಿ ಮೇಲಿನ ಬಚ್ಚಲುಮನೆ ಹೊಸದಾಗಿ ಮಾಡಿಸಬೇಕಿತ್ತು, ಅಡುಗೆಮನೆಗೆ ಕಟ್ಟೆ ಮತ್ತು ಕಪಾಟು, ಜೊತೆಗೆ ಹಳೆ ವೈರಿಂಗ್ ಬದಲಾಯಿಸಬೇಕಿತ್ತು. ಮೂರು ಜನರ ಹತ್ತಿರ ರೇಟ್ ಕೇಳಿದೆವು. ಒಬ್ಬರು 6.8 ಲಕ್ಷ ಅಂದರು, ಇನ್ನೊಬ್ಬರು 7 ಲಕ್ಷ. ಮೂರನೆಯ ವ್ಯಕ್ತಿ 5.2 ಲಕ್ಷಕ್ಕೆ, ಅದೂ ಗೌರಿ ಹಬ್ಬದ ಒಳಗೆ ಮುಗಿಸಿಕೊಡ್ತೀನಿ ಅಂದ. ಪರಿಚಯದವರು ಕಳಿಸಿದ ಮನುಷ್ಯ, ಮಾತು ಮೆತ್ತಗೆ, ನಮ್ಮ ಅತ್ತೆಯನ್ನು ಅಮ್ಮಾ ಅಂತಲೇ ಕರೆಯುತ್ತಿದ್ದ. ಫೋನಿನಲ್ಲಿ ಹತ್ತಾರು ಫೋಟೋ ತೋರಿಸಿದ. ಆತ ಕೆಲಸ ಮಾಡಿದ ಒಂದು ಮನೆಗೂ ನಾವು ಹೋಗಿ ನೋಡಲಿಲ್ಲ.

ಕೊಟೇಷನ್ ಅಂತ ಕೊಟ್ಟಿದ್ದು ಒಂದೇ ಹಾಳೆ. 'ಬಾತ್‌ರೂಂ ಪೂರ್ತಿ', 'ಕಿಚನ್ ಪೂರ್ತಿ', 'ವೈರಿಂಗ್ ಪೂರ್ತಿ', ಎದುರಿಗೆ ಮೊತ್ತ. ಯಾವ ಪೈಪು, ಯಾವ ಪ್ಲೈವುಡ್, ಎಷ್ಟು ಎಂಎಂ ವೈರು, ಒಂದೂ ಬರೆದಿರಲಿಲ್ಲ. ಮೆಟೀರಿಯಲ್ ಒಟ್ಟಿಗೆ ತಂದರೆ ಕಡಿಮೆಗೆ ಸಿಗುತ್ತೆ ಅಂತ ಹೇಳಿ ಅರ್ಧ ದುಡ್ಡು, 2.6 ಲಕ್ಷ, ಮೊದಲೇ ಹಾಕಿಸಿಕೊಂಡ.

ಒಡೆಯುವ ಕೆಲಸ ನಾಲ್ಕೇ ದಿನದಲ್ಲಿ ಆಯಿತು. ನಮಗೆ ಖುಷಿಯೋ ಖುಷಿ. ಆದರೆ ಬಚ್ಚಲು ಒಡೆದು, ಅಡುಗೆಮನೆ ಕಟ್ಟೆ ಕಿತ್ತು ಹಾಕಿದ ಮೇಲೆ ನಾವು ಆತನ ಕೈಗೆ ಸಿಕ್ಕಿಬಿದ್ದೆವು, ಯಾಕಂದ್ರೆ ಅರ್ಧಕ್ಕೆ ನಿಂತ ಕೆಲಸಕ್ಕೆ ಬೇರೆ ಮೇಸ್ತ್ರಿಗಳು ಸುಲಭಕ್ಕೆ ಕೈ ಹಾಕುವುದಿಲ್ಲ, ಹಾಕಿದರೂ ರೇಟು ಜಾಸ್ತಿ ಕೇಳುತ್ತಾರೆ. ಎರಡನೇ ವಾರದಿಂದಲೇ ಶುರು. ಸಿಮೆಂಟ್ ರೇಟ್ ಏರಿದೆ ಅಂತ ಒಮ್ಮೆ, ಟೈಲ್ಸ್ ಅಂಗಡಿಗೆ ಕೊಡಬೇಕು ಅಂತ ಇನ್ನೊಮ್ಮೆ. 1 ಲಕ್ಷ ಕೊಟ್ಟೆವು, ಆಮೇಲೆ 80 ಸಾವಿರ. ಅಲ್ಲಿಗೆ 4.4 ಲಕ್ಷ ಹೋಗಿತ್ತು, ಕೆಲಸ ಅರ್ಧವೂ ಆಗಿರಲಿಲ್ಲ. ಒಂದು ಶನಿವಾರ ಗಾರೆ ಕೆಲಸದವರು ಬಂದು "ಅಕ್ಕಾ, ಎರಡು ವಾರದ ಬಟವಾಡೆ ಬಂದಿಲ್ಲ, ನೀವಾದ್ರೂ ಒಂದ್ ಮಾತು ಹೇಳಿ" ಅಂದರು. ಅವತ್ತೇ ನಮಗೆ ಅರ್ಥ ಆಗಬೇಕಿತ್ತು. ನಮ್ಮ ದುಡ್ಡು ನಮ್ಮ ಮನೆಗೆ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಬಚ್ಚಲುಮನೆಯಲ್ಲಿ. ಹಾಸನದಲ್ಲಿ ಮದುವೆ ಅಂತ ಎರಡು ದಿನ ಹೋಗಿದ್ದೆವು. ಬರುವಷ್ಟರಲ್ಲಿ ನೆಲಕ್ಕೆ ಟೈಲ್ಸ್ ಹಾಕಿ ಮುಗಿಸಿದ್ದ. ವಾಟರ್‌ಪ್ರೂಫಿಂಗ್ ಮಾಡಿದ್ರಾ ಅಂತ ಕೇಳಿದರೆ "ಎರಡು ಕೋಟ್ ಹೊಡೆಸಿದೀನಿ ಮೇಡಂ, ಟೆನ್ಷನ್ ತಗೋಬೇಡಿ" ಅಂದ. ಮೂರೇ ವಾರಕ್ಕೆ ಕೆಳಗೆ ಅತ್ತೆ ಮಲಗುವ ಕೋಣೆಯ ಚಾವಣಿಯಲ್ಲಿ ತಟ್ಟೆಯಗಲ ತೇವ ಕಾಣಿಸಿತು, ಬಣ್ಣ ಉಬ್ಬಿ ಉದುರತೊಡಗಿತು. ಫೋನ್ ಮಾಡಿದರೆ ಮೊದಲು ನಾಳೆ ಬರ್ತೀನಿ, ಆಮೇಲೆ ರಿಂಗ್ ಆಗಿ ಕಟ್, ಕೊನೆಗೆ ಸ್ವಿಚ್ ಆಫ್. ಬೇರೆ ಮೇಸ್ತ್ರಿಯನ್ನು ಕರೆಸಿ ಟೈಲ್ಸ್ ಕೀಳಿಸಿದೆವು. ಯಾವ ಕೋಟಿಂಗೂ ಇರಲಿಲ್ಲ. ಒಡೆದ ಇಟ್ಟಿಗೆ ಚೂರು, ಹಳೆ ಗಾರೆ ಎಲ್ಲ ಬಚ್ಚಲಿನ ನೆಲದೊಳಗೇ ತುಂಬಿ ಮೇಲೆ ಸಿಮೆಂಟ್ ಬಳಿದಿದ್ದರು.

ಆಮೇಲೆ ಒಂದೊಂದೇ ಹೊರಬಂತು. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ಉಬ್ಬಿತು. ನೀರು ತಾಗುವ ಜಾಗಕ್ಕೆ ಐಎಸ್ 710 ಅಂತ ಮುದ್ರೆ ಇರುವ ಪ್ಲೈವುಡ್ ಬೇಕು, ನಮಗೆ ಹಾಕಿದ್ದರಲ್ಲಿ ಯಾವ ಮುದ್ರೆಯೂ ಇಲ್ಲ. ಗೀಸರ್ ಪಾಯಿಂಟಿಗೆ ಲೈಟಿಗೆ ಹಾಕುವ 1.5 ಎಂಎಂ ವೈರನ್ನೇ ಎಳೆದಿದ್ದರು, ಅಲ್ಲಿಗೆ 4 ಎಂಎಂ ಬೇಕಿತ್ತು ಅಂತ ಎಲೆಕ್ಟ್ರಿಷಿಯನ್ ಹೇಳಿದಾಗ ನಿಜಕ್ಕೂ ಭಯವಾಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಎಲ್ಲ ಸರಿಮಾಡಿಸಲು ಮತ್ತೆ 3.1 ಲಕ್ಷ. ಒಟ್ಟು 7.5 ಲಕ್ಷ ಆಯಿತು, ಜಾಸ್ತಿ ಅಂತ ನಾವು ಬಿಟ್ಟ 7 ಲಕ್ಷಕ್ಕಿಂತಲೂ ಮೇಲೆ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಆತ ಈಗ ಮುಗಿಸಿದ ಮನೆ ನೋಡಬೇಡಿ, ಹೊಸದು ಎಲ್ಲವೂ ಚೆನ್ನಾಗಿಯೇ ಕಾಣುತ್ತೆ. ಎರಡು ಮಳೆಗಾಲ ಕಂಡ ಮನೆಗೆ ಹೋಗಿ, ಬಚ್ಚಲಿನ ಕೆಳಗಿನ ಚಾವಣಿ ನೋಡಿ, ಏನಾದ್ರೂ ಕೆಟ್ಟಾಗ ಕರೆದರೆ ಬಂದ್ರಾ ಅಂತ ಆ ಮನೆಯವರನ್ನು ಕೇಳಿ. ಆತ ಸಾಮಾನು ತರುವ ಹಾರ್ಡ್‌ವೇರ್ ಅಂಗಡಿಯಲ್ಲೂ ಸುಮ್ನೆ ಒಮ್ಮೆ ವಿಚಾರಿಸಿ. ಅಲ್ಲಿ ಹಳೆ ಬಾಕಿ ಇದ್ದರೆ ನಿಮ್ಮ ಅಡ್ವಾನ್ಸ್ ಮೊದಲು ಹೋಗುವುದು ಅಲ್ಲಿಗೇ. ಪೈಪು, ವೈರು, ಪ್ಲೈವುಡ್ ನೀವೇ ಕೊಂಡು ನಿಮ್ಮ ಹೆಸರಿಗೇ ಬಿಲ್ ಮಾಡಿಸಿ. ಕೂಲಿಯ ದುಡ್ಡನ್ನು ಕೆಲಸ ಆದಷ್ಟಕ್ಕೆ ಮಾತ್ರ ಕೊಡಿ, ಕೊನೆಯ ಹತ್ತು ಪರ್ಸೆಂಟ್ ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಹತ್ತಿರವೇ ಇರಲಿ. ಒಪ್ಪದಿದ್ದರೆ ಬೇರೆಯವರನ್ನು ನೋಡಿ. ಗೋಡೆ ಕೊರೆದು ಹಾಕಿದ ಪೈಪು, ವೈರು ಮುಚ್ಚುವ ಮುಂಚೆ ನೀವೇ ನಿಂತು ಫೋಟೋ ತೆಗೆದುಕೊಳ್ಳಿ.

ನಾವು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ, ಇನ್ನೂ ನಡೆಯುತ್ತಿದೆ. 50 ಲಕ್ಷದವರೆಗಿನ ವ್ಯವಹಾರ ಜಿಲ್ಲಾ ಆಯೋಗಕ್ಕೇ ಬರುತ್ತದೆ, 5 ಲಕ್ಷದವರೆಗೆ ಶುಲ್ಕವೂ ಇಲ್ಲ, ಆದರೆ ಎರಡು ವರ್ಷದ ಒಳಗೆ ಕೊಡಬೇಕು. ನಮ್ಮ ಕೈಯಲ್ಲಿ ಉಳಿದಿದ್ದು ಯುಪಿಐ ರಸೀದಿ ಮತ್ತು ವಾಟ್ಸಾಪ್ ಮೆಸೇಜುಗಳು ಮಾತ್ರ. ಹಾಗಾಗಿ ಕ್ಯಾಶ್ ಕೊಡಬೇಡಿ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ.

ಎರಡನೇ ಮೇಸ್ತ್ರಿ ಕೋಟಿಂಗ್ ಒಣಗಿದ ಮೇಲೆ ಬಚ್ಚಲಿನ ಮೋರಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು 48 ಗಂಟೆ ಹಾಗೇ ಬಿಟ್ಟರು. ಅತ್ತೆ ಕೆಳಗೆ ಕೂತು ಗಂಟೆಗೊಮ್ಮೆ ಚಾವಣಿ ನೋಡುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ನಾನು ಮೇಲೆ ಹೋಗಿ ನೋಡಿದೆ, ನೀರು ಗೆರೆಯ ಹತ್ತಿರವೇ ಇತ್ತು, ಕೆಳಗೆ ಒಂದು ಹನಿ ತೇವ ಇರಲಿಲ್ಲ. ಟೈಲ್ಸ್ ಹಾಕಿ ಅಂತ ಹೇಳಿ ಅವತ್ತಿನವರೆಗಿನ ದುಡ್ಡು ಕೊಟ್ಟೆವು.