ಸೆಕೆಂಡ್ ಹ್ಯಾಂಡ್ ಹೈಲಕ್ಸ್: ಮರುಮಾರಾಟದ ಬೆಲೆ ನೋಡಿ ಕೊಂಡವನ ಲೆಕ್ಕ

ಹೆಚ್ಚು ಓಡಿರದ ಟೊಯೋಟಾ ಹೈಲಕ್ಸ್ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಡೀಸೆಲ್ ಪಿಕಪ್ ಕೊಂಡು ಕೆಲವು ವರ್ಷಗಳಾದವು. ಹೊಸದಕ್ಕೂ ಅದಕ್ಕೂ ಬೆಲೆಯ ಅಂತರ ಹೆಚ್ಚೇನಿರಲಿಲ್ಲ. ಸಾಮಾನ್ಯ ಕಾರುಗಳ ಬೆಲೆ ಮೊದಲ ವರ್ಷದಲ್ಲೇ ಭಾರಿ ಕುಸಿಯುತ್ತದೆ. 1968ರಿಂದ ತಯಾರಾಗುತ್ತಿರುವ ಹೈಲಕ್ಸ್, ಅಮೆರಿಕದಲ್ಲಿ ಅದೇ ಕಂಪನಿಯ ಟಕೋಮಾ, ಇಂಥ ಹೆಸರು ಗಳಿಸಿದ ಪಿಕಪ್‌ಗಳ ಬೆಲೆ ನಿಧಾನವಾಗಿ ಇಳಿಯುತ್ತದೆ. ಗಟ್ಟಿ ಷಾಸಿ (ಗಾಡಿಯ ಅಡಿಯ ಚೌಕಟ್ಟು), ಸುಲಭವಾಗಿ ಸಿಗುವ ಬಿಡಿಭಾಗ, ಹಳೆಯದಾದರೂ ದುಡಿಯುತ್ತದೆ ಎಂಬ ನಂಬಿಕೆ ಅದಕ್ಕೆ ಕಾರಣ. ಆದರೆ ಆ ನಂಬಿಕೆಗೆ ನಾವು ಕೊಳ್ಳುವಾಗಲೇ ಹಣ ತೆತ್ತಿರುತ್ತೇವೆ.

ಹೊಸ ಗಾಡಿಯ ಬೆಲೆ 100 ಎಂದುಕೊಳ್ಳಿ. ಹೆಸರುವಾಸಿ ಪಿಕಪ್ಪನ್ನು 88ಕ್ಕೆ ಕೊಂಡು ನಾಲ್ಕು ವರ್ಷದ ನಂತರ 64ಕ್ಕೆ ಮಾರಿದರೆ ಕಳೆದುಕೊಂಡದ್ದು 24. ಬೇಡಿಕೆ ಕಡಿಮೆ ಇರುವ ಇನ್ನೊಂದನ್ನು 70ಕ್ಕೆ ಕೊಂಡು 38ಕ್ಕೆ ಮಾರಿದರೆ 32. ದುಬಾರಿ ಗಾಡಿಯೇ 8ರಷ್ಟು ಅಗ್ಗವಾಯಿತು. ಆದರೆ ಅದಕ್ಕೆ ಮೊದಲೇ ಹಾಕಿದ ಹೆಚ್ಚುವರಿ 18 ಸಾಲದ್ದಾಗಿದ್ದರೆ, ವರ್ಷಕ್ಕೆ ಶೇ 9ರ ಸರಳ ಬಡ್ಡಿಯಲ್ಲಿ ನಾಲ್ಕು ವರ್ಷಕ್ಕೆ ಸುಮಾರು ಆರೂವರೆ ಅಲ್ಲಿಗೇ ಹೋಯಿತು. ಉಳಿದದ್ದು ಒಂದೂವರೆ! ಹಳೆಯ ವಾಹನಗಳ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಇನ್ನೂ ಹೆಚ್ಚು. ಕೊಳ್ಳುವವರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದೇ ನೋಡಬೇಕು ಎಂದು ಒತ್ತಿ ಹೇಳುತ್ತೇನೆ. ನಾನು ಸಾಲ ಮಾಡಿರಲಿಲ್ಲ, ಹಾಗಾಗಿ ನನಗೆ ಹೊಂದಿತು.

ಬಳಕೆಯ ವಿಷಯದಲ್ಲಿ ನನಗೆ ತೃಪ್ತಿಯಿದೆ. ಹಿಂಬದಿಯಲ್ಲಿ ಲೀಫ್ ಸ್ಪ್ರಿಂಗ್ (ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು) ಇರುವ ಯಾವ ಪಿಕಪ್ಪೇ ಆಗಲಿ ಖಾಲಿ ಓಡುವಾಗ ಹಿಂಬದಿ ಕುಣಿಯುತ್ತದೆ. ಒಂದಿಷ್ಟು ಭಾರ ಬಿದ್ದರೆ ಆ ಕುಣಿತ ತಗ್ಗುತ್ತದೆ. ಕಾರಿನ ಮೆತ್ತನೆಯ ಸವಾರಿ ಬೇಕೆನ್ನುವವರು ಮರುಮಾರಾಟದ ಬೆಲೆಗಾಗಿ ಪಿಕಪ್ ಕೊಳ್ಳುವುದು ಬೇಡ.

ಈಚೆಗೆ ಬೆಲೆ ಕಟ್ಟಿಸಲು ಒಬ್ಬ ವ್ಯಾಪಾರಿಗೆ ತೋರಿಸಿದೆ. ಆತ ಎಂಜಿನ್ನಿನ ಹತ್ತಿರವೂ ಹೋಗದೆ ನೇರವಾಗಿ ಟಾರ್ಚ್ ಹಿಡಿದು ಗಾಡಿಯ ಅಡಿಗೆ ನುಸುಳಿದ. ಷಾಸಿಯ ಬೆಸುಗೆಗಳ ಉದ್ದಕ್ಕೂ ಬೆರಳಾಡಿಸಿದ, ಲೀಫ್ ಸ್ಪ್ರಿಂಗ್ ಪಟ್ಟಿಗಳು ಚಪ್ಪಟೆಯಾಗಿವೆಯೇ ನೋಡಿದ, ಟ್ರೇಲರ್ ಕೊಂಡಿ ಕೂರಿಸಿದ ಗುರುತು ಹುಡುಕಿದ. ಆಮೇಲೆ ಲೋಡ್ ತೊಟ್ಟಿಯ ಪ್ಲಾಸ್ಟಿಕ್ ಹೊದಿಕೆಯ ಅಂಚು ಎತ್ತಿದ. ಕೆಳಗೆ ಸಿಕ್ಕಿಕೊಂಡಿದ್ದ ಮರಳು ಬಣ್ಣವನ್ನು ಉಜ್ಜಿ ಬೆರಳಗಲದ ತುಕ್ಕಿನ ಗೆರೆ ಎಬ್ಬಿಸಿತ್ತು. ಅಷ್ಟಕ್ಕೇ ಬೆಲೆ ಇಳಿಸಿದ. ಸರ್ವಿಸ್ ದಾಖಲೆಗಳ ಕಟ್ಟು ತೋರಿಸಿದ ಮೇಲೆ ಸ್ವಲ್ಪ ಏರಿಸಿದ.

ಕೊಳ್ಳುವವರೂ ಇದೇ ಕಣ್ಣಿನಿಂದ ನೋಡಬೇಕು. ಓಡೋಮೀಟರ್ ಕಡಿಮೆ ತೋರಿಸುತ್ತಿದ್ದು ಬ್ರೇಕ್ ಪೆಡಲ್‌ನ ರಬ್ಬರ್ ಸವೆದು ನುಣುಪಾಗಿದ್ದರೆ ಮೀಟರ್ ತಿರುಚಿರಬಹುದು, ಮುಂದುವರಿಯಬೇಡಿ. ಗಾಡಿಯನ್ನು ಎತ್ತರಿಸಿ ದೊಡ್ಡ ಟಯರ್ ಹಾಕಿಸಿದ್ದರೆ ಮುಂದೆ ಕೊಳ್ಳುವವರ ಸಂಖ್ಯೆ ಕಿರಿದಾಗುತ್ತದೆ, ಎಷ್ಟೇ ಖರ್ಚು ಮಾಡಿದ್ದರೂ ಅದು ವಾಪಸ್ ಬರುವುದಿಲ್ಲ. ವಾರಂಟಿ ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಹೊಸ ತಲೆಮಾರಿನ ಮಾದರಿ ಬರುವ ಸುದ್ದಿಯಿದ್ದರೆ ಚೌಕಾಸಿಗೆ ಅದೇ ಒಳ್ಳೆಯ ಸಮಯ.

ಹತ್ತು ಹದಿನೈದು ವರ್ಷ, ಗಾಡಿ ಸವೆಯುವ ತನಕ ಇಟ್ಟುಕೊಳ್ಳುವವರಿಗೆ ನನ್ನ ಸಲಹೆ ಬೇರೆ: ಮರುಮಾರಾಟದ ಹೆಸರಿಗೆ ಹೆಚ್ಚು ಹಣ ಕೊಡಬೇಡಿ. ಒಳ್ಳೆಯ ಸ್ಥಿತಿಯಲ್ಲಿರುವ, ಬಿಡಿಭಾಗ ಸಿಗುವ, ಬೇಡಿಕೆ ಕಡಿಮೆಯಿರುವ ಪಿಕಪ್ಪನ್ನೇ ಕೊಂಡು ಉಳಿದ ಹಣವನ್ನು ರಿಪೇರಿಗೆ ತೆಗೆದಿಡಿ. ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವವರು, ಅದೂ ಕೈಯಲ್ಲಿ ಹಣವಿರುವವರು ಹೈಲಕ್ಸ್ ನೋಡಬಹುದು. ಬೆಲೆಯ ಅಂತರ ತೀರಾ ಕಡಿಮೆಯಾದರೆ ಹೊಸದನ್ನೇ ಕೊಳ್ಳಿ, ಪೂರ್ತಿ ವಾರಂಟಿಯಾದರೂ ಸಿಗುತ್ತದೆ.