ವರ್ಷಗಟ್ಟಲೆ ಬಳಸಿದ ಮೇಲೆ 50 ಎಂಎಂ ಎಫ್/1.8: ಗಾಜು ಗಟ್ಟಿ, ಮೂತಿ ಸೂಕ್ಷ್ಮ

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಆದಮೇಲೆ ಬಹಳ ಜನ ಕೊಳ್ಳುವ ಎರಡನೇ ಲೆನ್ಸ್ ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ. 2015ರಲ್ಲಿ ಬಂದದ್ದು, ತೂಕ ಸುಮಾರು 160 ಗ್ರಾಂ. ಇದಕ್ಕೂ ಹಿಂದಿನ 1990ರ ಮಾದರಿ ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಓಡಾಡುತ್ತಿದೆ. ಸ್ವಲ್ಪ ಅಗ್ಗ ಅಂತ ಅದಕ್ಕೆ ಕೈಹಾಕಬೇಡಿ. ಅದರ ಮೌಂಟ್ (ಕ್ಯಾಮೆರಾಗೆ ಕೂರುವ ಭಾಗ) ಪ್ಲಾಸ್ಟಿಕ್, ಅಪರ್ಚರಿನ (ಬೆಳಕು ಬಿಡುವ ಕಿಂಡಿ) ಬ್ಲೇಡ್ ಐದೇ, 45 ಸೆಂ.ಮೀ.ಗಿಂತ ಹತ್ತಿರ ಫೋಕಸ್ ಆಗದು. ಎಸ್‌ಟಿಎಂಗೆ ಲೋಹದ ಮೌಂಟ್, ಏಳು ಬ್ಲೇಡ್, 35 ಸೆಂ.ಮೀ. ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಅಷ್ಟು ಹತ್ತಿರ ಹೋದರೆ ಫ್ರೇಮಿಗೆ ಅಡ್ಡಕ್ಕೆ ಸುಮಾರು 10 ಸೆಂ.ಮೀ. ಸಿಗುತ್ತದೆ, ಅಂದರೆ ಒಂದು ಉದ್ದಿನವಡೆ. ಮಸಾಲೆ ದೋಸೆ ಪೂರ್ತಿ ಬೇಕೆಂದರೆ ಕುರ್ಚಿ ಹಿಂದಕ್ಕೆ ಎಳೆಯಲೇಬೇಕು.

ಇಕ್ಕಟ್ಟಾದ ಮನೆಗಳಿಗೆ ಇದು ಒಗ್ಗುವುದಿಲ್ಲ. ಎಪಿಎಸ್-ಸಿಯಲ್ಲಿ ದೊಡ್ಡ ಸೆನ್ಸರಿನ (ಫುಲ್ ಫ್ರೇಮ್) ಕ್ಯಾಮೆರಾದ 80 ಎಂಎಂ ಲೆನ್ಸಿನಷ್ಟು ಬಿಗಿಯಾಗಿ ಕಾಣುವುದರಿಂದ ಮೂರು ಮೀಟರ್ ಹಿಂದೆ ನಿಂತರೂ ಅಡ್ಡಕ್ಕೆ ಸಿಗುವುದು 1.3 ಮೀಟರ್. ಒತ್ತೊತ್ತಾಗಿ ಕೂತ ಮೂವರು, ಅಷ್ಟೇ. ನಾಮಕರಣದ ಗ್ರೂಪ್ ಫೋಟೊಗೆ ಕಿಟ್ ಲೆನ್ಸೇ ಸರಿ.

"1.8 ಇದೆಯಲ್ಲ" ಅಂತ ಸದಾ 1.8ರಲ್ಲೇ, ಅಂದರೆ ಅಪರ್ಚರ್ ಪೂರ್ತಿ ತೆರೆದೇ ತೆಗೆಯುವುದು ಹೊಸಬರ ಚಾಳಿ. ಒಂದೂವರೆ ಮೀಟರ್ ದೂರದ ಮುಖಕ್ಕೆ 1.8ರಲ್ಲಿ ಸ್ಪಷ್ಟವಾಗಿ ಸಿಗುವ ಆಳ ಸುಮಾರು 6 ಸೆಂ.ಮೀ. ಮಾತ್ರ. ಮುಖ ಸ್ವಲ್ಪ ಓರೆಯಾದರೂ ಒಂದು ಕಣ್ಣು ಮಸುಕು. 2.8ಕ್ಕೆ ತಂದರೆ 9 ಸೆಂ.ಮೀ. ದಾಟುತ್ತದೆ, ಚಿತ್ರವೂ ಹರಿತವಾಗುತ್ತದೆ. ಬಿಸಿಲಲ್ಲಿ ಮಿನುಗುವ ಸ್ಟೀಲ್ ಪಾತ್ರೆ, ಜರಿ ಅಂಚುಗಳ ಸುತ್ತ 1.8ರಲ್ಲಿ ಕಾಣುವ ನೇರಳೆ-ಹಸಿರು ಗೆರೆಗಳೂ ಅಲ್ಲಿಗೆ ಬಹುಮಟ್ಟಿಗೆ ಇಳಿಯುತ್ತವೆ.

ಸಂಜೆ ಗಾಂಧಿ ಬಜಾರಿನ ಹೂವಿನಂಗಡಿ, ಮುಂಜಾನೆಯ ಕೆ.ಆರ್. ಮಾರುಕಟ್ಟೆ: ಈ ಲೆನ್ಸಿಗೆ ಹೇಳಿ ಮಾಡಿಸಿದ ಜಾಗಗಳು. ಅಲ್ಲಿ ಕಾಟ ಕೊಡುವುದು ಅಗ್ಗದ ಎಲ್‌ಇಡಿ ಬಲ್ಬು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅಂಥ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/500 ಇಟ್ಟರೆ ಚಿತ್ರದಲ್ಲಿ ಪಟ್ಟೆ ಬೀಳಬಹುದು, ಇಲ್ಲವೇ ಒಂದೊಂದು ಫೋಟೊಗೆ ಒಂದೊಂದು ಬಣ್ಣ. 1/100ಕ್ಕೆ ಕಟ್ಟಿಹಾಕಿ, 2.8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 800ರಿಂದ ಶುರುಮಾಡಿ. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇಲ್ಲದ್ದರಿಂದ ಕೈನಡುಕಕ್ಕೂ 1/100 ಹೊಂದುತ್ತದೆ.

ದೀರ್ಘ ಬಳಕೆಯಲ್ಲಿ ಮೊದಲು ಕೈಕೊಡುವ ಭಾಗ ಗಾಜಲ್ಲ, ಮೂತಿ. ಹತ್ತಿರಕ್ಕೆ ಫೋಕಸ್ ಆದಾಗ ಒಳಗಿನ ಕೊಳವೆ ಹೊರಚಾಚುತ್ತದೆ. ಕ್ಯಾಮೆರಾ ಆಫ್ ಆದರೆ ಅದು ಹಾಗೇ ಚಾಚಿಕೊಂಡು ನಿಲ್ಲಬಹುದು, ಆಗ ಫೋಕಸ್ ರಿಂಗ್ ತಿರುಗಿಸಿದರೂ ಜಗ್ಗದು, ಏಕೆಂದರೆ ರಿಂಗ್ ಓಡುವುದು ವಿದ್ಯುತ್ತಿನಿಂದ. ಆ ಸ್ಥಿತಿಯಲ್ಲಿ ಕ್ಯಾಪ್ ಒತ್ತಿದರೆ, ಬಿಎಂಟಿಸಿ ನೂಕುನುಗ್ಗಲಲ್ಲಿ ಬ್ಯಾಗು ಅದುಮಿದರೆ ಪೆಟ್ಟು ನೇರ ಒಳಗಿನ ಗೇರುಗಳಿಗೆ. ಆಫ್ ಮಾಡುವ ಮುಂಚೆ ದೂರದ ಕಟ್ಟಡದ ಕಡೆ ಹಿಡಿದು ಶಟರ್ ಅರ್ಧ ಒತ್ತಿ, ಮೂತಿ ಒಳಕ್ಕೆ ಹೋಗುತ್ತದೆ. ಕೆಲವು ಬಾಡಿಗಳ ಮೆನುವಿನಲ್ಲಿ ಆಫ್ ಆದಾಗ ತಾನೇ ಒಳಕ್ಕೆಳೆದುಕೊಳ್ಳುವ ಆಯ್ಕೆಯೂ ಉಂಟು. ಇಎಸ್-68 ಹುಡ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಆದರೂ ಕೊಳ್ಳಿ. ಅದು ಕೂರುವುದು ಹೊರಮೈಗೆ, ಚಾಚಿದ ಮೂತಿ ಅದರ ಒಳಗೇ ಇರುತ್ತದೆ. 49 ಎಂಎಂ ಫಿಲ್ಟರ್ ಕೂರುವುದೋ ಮೂತಿಗೇ, ಹಾಗಾಗಿ ಪೆಟ್ಟಿನ ವಿಷಯದಲ್ಲಿ ಫಿಲ್ಟರನ್ನು ನಂಬಬೇಡಿ.

ಮೆಟ್ರೊ ಕಾಮಗಾರಿಯ ದೂಳು ಒಳಗೆ ಒಂದೆರಡು ಕಣ ಸೇರಿದರೆ ಚಿತ್ರದಲ್ಲಿ ಕಾಣದು. ಎಫ್/16ರಲ್ಲಿ ಆಕಾಶದಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಸೆನ್ಸರ್ ಮೇಲಿನದು, ಲೆನ್ಸ್ ಬಿಚ್ಚಿಸಬೇಡಿ.

ಹೆಚ್ಚು ಹೆದರಬೇಕಾದದ್ದು ಫಂಗಸ್‌ಗೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬ್ಯಾಗಿನೊಳಗೆ ಕತ್ತಲಲ್ಲಿ ಬಿಟ್ಟ ಲೆನ್ಸಿಗೆ ಜೇಡನ ಎಳೆಯಂಥ ಬೂಷ್ಟು ಹತ್ತುತ್ತದೆ, ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಡ್ರೈ ಕ್ಯಾಬಿನೆಟ್ ಬೇಕೇಬೇಕು ಅಂತಿಲ್ಲ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, 100 ಗ್ರಾಂ ಕಿತ್ತಳೆ ಸಿಲಿಕಾ ಜೆಲ್, ತೇವಾಂಶ ಅಳೆಯುವ ಒಂದು ಪುಟ್ಟ ಡಿಜಿಟಲ್ ಹೈಗ್ರೊಮೀಟರ್ ಸಾಕು. ತೇವಾಂಶ ಶೇ. 40–50ರಲ್ಲಿರಲಿ. ಜೆಲ್ ಹಸಿರಾದರೆ ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಓವನ್ನಿಗೆ ಅದನ್ನು ಸೇರಿಸಬೇಡಿ. ಲೆದರ್ ಕೇಸ್ ತೇವ ಹಿಡಿದಿಡುತ್ತದೆ, ಮಳೆಗಾಲಕ್ಕೆ ದೂರವಿಡಿ.

ಹಳೆಯದನ್ನು ಕೊಳ್ಳುವವರು ಲೆನ್ಸನ್ನು ಬಾಡಿಯಿಂದ ಕಳಚಿ, ಎರಡೂ ಕ್ಯಾಪ್ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಕಳಚಿದ ಇಎಫ್ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ, ಎಳೆ, ಮಂಜು ಎರಡೂ ಕಂಡುಬಿಡುತ್ತವೆ. ಮತ್ತೆ ಹಾಕಿ 35 ಸೆಂ.ಮೀ.ನಿಂದ ದೂರಕ್ಕೆ ಹತ್ತು ಸಲ ಫೋಕಸ್ ಮಾಡಿಸಿ. ಕರಕರ ಸದ್ದು ಬಂದರೆ, ಮೂತಿ ವಾಲಿಕೊಂಡು ಚಾಚಿದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಇಂಥ ರಿಪೇರಿಯ ಖರ್ಚು ಈ ಲೆನ್ಸಿನ ಬೆಲೆಗೆ ಹೊಂದುವುದಿಲ್ಲ. ಕ್ಯಾನನ್ ಆರ್ ಸರಣಿಯ ಮಿರರ್‌ಲೆಸ್ ಇರುವವರು ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದು. ಹೊಸದಾಗಿ ಕೊಳ್ಳುವುದಾದರೆ 2020ರ ಆರ್‌ಎಫ್ 50 ಎಫ್/1.8 ನೋಡಿ, ಅದು 30 ಸೆಂ.ಮೀ.ಗೇ ಫೋಕಸ್ ಹಿಡಿಯುತ್ತದೆ. ಹಳೆಯ 49 ಎಂಎಂ ಫಿಲ್ಟರ್ ಮಾತ್ರ ಅದಕ್ಕೆ ಕೂರದು, ಅದರದ್ದು 43.