ಕಥೆ ಯಾರಿಗೆ ತೋರಿಸೋದು: ವಾಟ್ಸಾಪ್ ಗ್ರೂಪಿಗಾ, ಬರೆಯೋ ಗೆಳೆಯರಿಗಾ?

ಗ್ರೂಪಿಗೆ ಕಥೆ ಹಾಕಿದ್ರೆ ಎರಡೇ ನಿಮಿಷದಲ್ಲಿ "ಸೂಪರ್ ಸರ್", ನಾಲ್ಕು ಚಪ್ಪಾಳೆ ಎಮೋಜಿ, ಅಷ್ಟರಲ್ಲಿ ಯಾರೂ ಎರಡನೇ ಪ್ಯಾರಾನೂ ದಾಟಿರಲ್ಲ. ಬರೀ ಹುರುಪು ಬೇಕಿದ್ರೆ ಅದು ಸಾಕು ಬಿಡಿ.

ಕಥೆ ರಿಪೇರಿ ಆಗ್ಬೇಕು ಅಂದ್ರೆ ಬರೆಯೋ ಗೆಳೆಯರು ಇಬ್ಬರೇ ಸಾಕು, ಗೂಗಲ್ ಡಾಕ್ಸ್‌ನಲ್ಲಿ ಕಾಮೆಂಟರ್ ಅಂತ ಶೇರ್ ಮಾಡಿದ್ರೆ ನಮ್ಮ ಸಾಲು ಅಳಿಸದೇನೇ ಸಲಹೆ ಹಾಕ್ತಾರೆ, ವಾರಗಟ್ಲೆ ಕಾಯಿಸ್ತಾರೆ ಅನ್ನೋದೊಂದೇ ಗೋಳು. ನನ್ನ ಕಥೇಲಿ ಹಾಸನದ ಅಜ್ಜಿ ಬಾಯಲ್ಲಿ "ಬರ್ರಿ, ಕೂಡ್ರಿ" ಅಂತ ಬರೆದಿದ್ದೆ, ಧಾರವಾಡದ ಗೆಳತಿ ಅಲ್ಲೇ ಹಿಡಿದ್ಲು: "ಏ, ಇದು ನಮ್ಮ ಕಡೆ ಮಾತು, ಹಾಸನದಾಕಿ ಹೆಂಗ ಅಂತಾಳ?" ಗ್ರೂಪಲ್ಲಿ ಅರವತ್ತು ಜನ ಇದ್ರು, ಒಬ್ಬರಿಗೂ ಕಂಡಿರ್ಲಿಲ್ಲ.

ಕೊಡುವಾಗ "ಹೇಗಿದೆ" ಅನ್ಬೇಡಿ, "ಎಲ್ಲಿ ಬೋರಾಯ್ತು" ಅಂತ ಕೇಳಿ.